ಪೊಲೀಸ್ ನಾಯಿ ಟಾರ್ ರೋಡ್ ತನಕ ಹೋಗಿ ನಿಂತುಬಿಡ್ತು, ಯಾಕೆ?

ಮೆಣಸುಬಳ್ಳಿ, ಸೋಮವಾರಪೇಟೆ:
ಎಲ್ಲರಿಗೂ ನಮಸ್ಕಾರ. ಹೋದ ವಾರ ಪಕ್ಕದ ತೋಟದವರು ಕಣದಲ್ಲಿ ಒಣಗಿಸಿ ಚೀಲ ತುಂಬಿಟ್ಟಿದ್ದ ಕರಿಮೆಣಸು ರಾತ್ರೋರಾತ್ರಿ ಕಳುವಾಯ್ತು, ಕಂಪ್ಲೇಂಟ್ ಕೊಟ್ಟ ಮೇಲೆ ಶ್ವಾನದಳ ಬಂತು. ನಾಯಿ ಕಣದಲ್ಲಿ ಬಿದ್ದಿದ್ದ ಹಗ್ಗ ಮೂಸಿ, ಕಾಫಿ ಗಿಡದ ಮಧ್ಯೆ ಇಳಿದು, ತೋಡು ದಾಟಿ, ಗೇಟಿಂದಾಚೆ ಟಾರ್ ರೋಡಲ್ಲಿ ಅಲ್ಲೇ ಸುತ್ತಿ ನಿಂತುಬಿಡ್ತು. ಜನ "ಇಷ್ಟೇನಾ" ಅಂತ ಹೊರಟುಹೋದ್ರು. ನಂಗೆ ಬೇಜಾರಾಯ್ತು, ಆ ಹ್ಯಾಂಡ್ಲರ್ ಬಿಸಿಲಲ್ಲಿ ನಾಯಿ ಹಿಂದೆ ಓಡಿ ಶರ್ಟೆಲ್ಲ ಒದ್ದೆಯಾಗಿದ್ರೂ ಮೊದಲು ನೀರು ಕುಡಿಸಿದ್ದು ನಾಯಿಗೆ. ಇದು ನಾಯಿ ಸೋತ ಹಾಗಾ? ಗೊತ್ತಿರೋರು ಹೇಳಿ.

ಹಳೇ ಹ್ಯಾಂಡ್ಲರ್:
ಸೋತಿಲ್ಲ ತಮ್ಮಾ. ರೋಡಲ್ಲಿ ವಾಸನೆ ಕಡಿದುಹೋಯ್ತು ಅಂದ್ರೆ ಹೆಚ್ಚಾಗಿ ಅಲ್ಲಿಂದ ಗಾಡಿ ಹತ್ತಿದ್ದಾರೆ ಅಂತ ಲೆಕ್ಕ. ಕಳ್ಳ ಯಾವ ದಾರೀಲಿ ಹೋದ, ಯಾವ ಕ್ಯಾಮೆರಾ ನೋಡ್ಬೇಕು ಅಂತ ತನಿಖೆ ಮಾಡೋ ಅಧಿಕಾರಿಗೆ ಸಿಕ್ತಲ್ಲ, ಅದು ಸಣ್ಣದಲ್ಲ. ತೋಟದೊಳಗೆ ಮರದ ನೆರಳು, ತರಗೆಲೆ, ನೆಲದ ತೇವ ವಾಸನೆ ಹಿಡಿದಿಟ್ಟುಕೊಳ್ಳುತ್ತೆ, ಕಾದ ಟಾರ್ ಮೇಲೆ ಬೇಗ ಹೋಗಿಬಿಡುತ್ತೆ, ನಮ್ಮ ಜೂನ್ ಜುಲೈ ಮಳೇಲಂತೂ ಕೇಳೋದೇ ಬೇಡ. ಅದಕ್ಕೇ ಕೈಮುಗಿದು ಹೇಳ್ತೀನಿ, ಕಳ್ಳತನ ಆದ ಜಾಗಕ್ಕೆ ಊರಿಡೀ ನುಗ್ಗಬೇಡಿ, ಬಿದ್ದಿರೋ ವಸ್ತು ಮುಟ್ಟಬೇಡಿ, ಕೂಡಲೇ ಫೋನ್ ಮಾಡಿ.

ಇನ್ನು ಹ್ಯಾಂಡ್ಲರ್ ವಿಷಯ. ಮರಿ ಇದ್ದಾಗಿಂದ ನಾಯಿಗೂ ನಮಗೂ ಒಟ್ಟಿಗೇ ತಿಂಗಳುಗಟ್ಟಲೆ ಟ್ರೈನಿಂಗ್, ನಾನು ಮಾಡಿದ್ದು ಬೆಂಗಳೂರಿನ ಆಡುಗೋಡೀಲಿ. ಬೆಲ್ಟ್ ಎಷ್ಟು ಬಿಗೀತಿದೆ, ಬಾಲ ಹೇಗಿದೆ, ತಲೆ ಎತ್ತಿತಾ ಇಳಿಸಿತಾ, ಇದನ್ನ ಓದೋಕೆ ಬರಲಿಲ್ಲ ಅಂದ್ರೆ ಎಂಥ ಒಳ್ಳೇ ನಾಯಿ ಇದ್ದೂ ಪ್ರಯೋಜನ ಇಲ್ಲ. ತೋಟಕ್ಕೆ ಹೋಗಿಬಂದ ದಿನ ಕಿವಿ ಒಳಗೆ, ಬೆರಳ ಸಂದಿಲಿ ಉಣ್ಣಿ ಹುಡುಕಿ ತೆಗೀಬೇಕು, ಮಳೆಗಾಲದಲ್ಲಿ ಜಿಗಣೆ. ಉಣ್ಣಿ ಜ್ವರ ನಾಯೀನ ಕೊಂದೇಬಿಡುತ್ತೆ.

ಕುಶಾಲನಗರದವಳು:
ದಾವಣಗೆರೆ ಪೊಲೀಸರ ತುಂಗಾ ಅಂತ ಡಾಬರ್ಮನ್, 2019ರಲ್ಲಿ 12 ಕಿ.ಮೀ. ಓಡಿ ಕೊಲೆ ಆರೋಪಿ ಇದ್ದಲ್ಲಿಗೆ ಕರ್ಕೊಂಡು ಹೋಗಿತ್ತು, ಓದಿ ಕಣ್ಣು ತುಂಬಿತ್ತು. ಅಣ್ಣಾ, ಮಡಿಕೇರಿ ದಸರಾಕ್ಕೆ ಬರೋದೂ ಇದೇ ನಾಯಿಗಳಾ?

ಹಳೇ ಹ್ಯಾಂಡ್ಲರ್:
ಅಲ್ಲಮ್ಮಾ, ದಸರಾಕ್ಕೆ ಬರೋದು ಬಾಂಬ್ ಹುಡುಕೋ ನಾಯಿ, ಅದು ಬೇರೆ, ಕಳ್ಳನ ಜಾಡು ಹಿಡಿಯೋದು ಬೇರೆ, ಗಾಂಜಾಕ್ಕೆ ಬೇರೆ. ಬಾಂಬ್ ನಾಯಿ ಬೊಗಳಲ್ಲ, ಕೆರೆಯಲ್ಲ, ವಾಸನೆ ಸಿಕ್ಕಿದ ಕಡೆ ಸುಮ್ನೆ ಕೂತುಬಿಡುತ್ತೆ, ಹಾಗೇ ಕಲಿಸಿರ್ತಾರೆ.

ವಕೀಲ, ವಿರಾಜಪೇಟೆ:
ಒಂದು ಮಾತು ಸೇರಿಸ್ತೀನಿ. ನಾಯಿ ಯಾರ ಮುಂದಾದ್ರೂ ನಿಂತಿತು ಅಂತ ಅವರೇ ಕಳ್ಳರು ಅಂತಾಗಲ್ಲ. ಅಬ್ದುಲ್ ರಜಾಕ್ ಕೇಸಲ್ಲಿ 1969ರಲ್ಲೇ ಸುಪ್ರೀಂ ಕೋರ್ಟ್ ಇಂಥ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಲಿಲ್ಲ, ನಾಯೀನ ಪಾಟೀಸವಾಲು ಮಾಡೋಕಾಗಲ್ವಲ್ಲ. ಬೇರೆ ಸಾಕ್ಷಿ ಬೇಕೇ ಬೇಕು. ಹಾಗಾಗಿ ನಾಯಿ ಲೈನ್ ಮನೆ (ತೋಟದ ಕೂಲಿಯವರು ಇರೋ ಸಾಲು ಮನೆ) ಕಡೆ ತಿರುಗಿತು ಅಂತ ಅವರ ಮೇಲೆ ಕೈ ಮಾಡೋದು ದಯವಿಟ್ಟು ಬೇಡ.

ಮೆಣಸುಬಳ್ಳಿ, ಸೋಮವಾರಪೇಟೆ:
ತುಂಬಾ ಥ್ಯಾಂಕ್ಸ್ ಅಣ್ಣಾ, ಸರ್. ಗೇಟಿಂದ ಸ್ವಲ್ಪ ಮುಂದೆ ಒಂದು ಹೋಂಸ್ಟೇ ಇದೆ, ಕ್ಯಾಮೆರಾ ರೋಡಿಗೇ ಮುಖ ಮಾಡಿದೆ. ರೆಕಾರ್ಡಿಂಗ್ ಅಳಿಸಿಹೋಗೋ ಮೊದಲು ತೆಗೆದಿಡಿ ಅಂತ ಅವರಿಗೆ ಹೇಳಿ, ಸ್ಟೇಷನ್ನಿಗೂ ಇವತ್ತೇ ತಿಳಿಸ್ತೀನಿ.