ಸರ್ಟಿಫಿಕೇಟ್ ತಾನಾಗಿಯೇ ರಿನ್ಯೂ ಆಗಬೇಕು: ನಿಮ್ಮ ಸರ್ವರ್‌ನಲ್ಲಿ ಹೇಗೆ ಮಾಡಿದ್ದೀರಿ?

ಪ್ರಶ್ನೆ, ಸಾಗರದಿಂದ

ಎಲ್ಲರಿಗೂ ನಮಸ್ಕಾರ. ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘದ ಸರ್ವರ್ ನೋಡಿಕೊಳ್ಳುತ್ತೇನೆ. ಇರುವುದು ಒಂದೇ ವಿಪಿಎಸ್ (ಬಾಡಿಗೆ ಸರ್ವರ್). ಉಬುಂಟು, ಎಂಜಿನ್‌ಎಕ್ಸ್ ವೆಬ್ ಸರ್ವರ್, ಮುಖ್ಯ ಸೈಟ್, ಸದಸ್ಯರು ಲಾಗಿನ್ ಆಗಿ ಖಾತೆ ನೋಡುವ ಒಂದು ಸಬ್‌ಡೊಮೇನ್, ಜೊತೆಗೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಹಾಕಿ ನಾವೇ ನಡೆಸುವ ಮೇಲ್. ಇಲ್ಲಿಯವರೆಗೆ ವರ್ಷಕ್ಕೊಮ್ಮೆ ದುಡ್ಡು ಕೊಟ್ಟು, ಎಚ್‌ಟಿಟಿಪಿಎಸ್‌ಗೆ ಬೇಕಾದ (ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ) ಸರ್ಟಿಫಿಕೇಟ್ ಕೊಳ್ಳುತ್ತಿದ್ದೆವು. ಆದರೆ 2026ರ ಮಾರ್ಚ್ 15ರಿಂದ 200 ದಿನಕ್ಕಿಂತ ಜಾಸ್ತಿ ಅವಧಿಯದ್ದು ಯಾರೂ ಕೊಡುವ ಹಾಗಿಲ್ಲ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಪ್ರತಿ ಸಲ ಕೈಯಾರೆ ಫೈಲ್ ಹಾಕುತ್ತಾ ಕೂರುವುದು ಆಗದ ಮಾತು. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ಗೆ ಹೋಗೋಣ ಅಂತಿದ್ದೇನೆ. ಆಟೋ ರಿನ್ಯೂವಲ್ ನಿಜವಾಗಿ ನಂಬಬಹುದಾ? ಎಲ್ಲೆಲ್ಲಿ ಕೈಕೊಡುತ್ತದೆ? ಕಾರ್ಯದರ್ಶಿಗಳು ಬೇರೆ, ಪುಕ್ಕಟೆ ಸಿಗುವುದು ಗಟ್ಟಿ ಇರುತ್ತದಾ ಅಂತ ಕೇಳುತ್ತಿದ್ದಾರೆ. ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ಹುಬ್ಬಳ್ಳಿಯಿಂದ

ಮೊದಲು ಕಾರ್ಯದರ್ಶಿಗಳ ಪ್ರಶ್ನೆಗೆ ಉತ್ತರ. ಗಟ್ಟಿ ಇರುತ್ತದೆ. ದುಡ್ಡು ಕೊಟ್ಟ ಸರ್ಟಿಫಿಕೇಟಿಗೂ ಇದಕ್ಕೂ ಎನ್‌ಕ್ರಿಪ್ಶನ್‌ನಲ್ಲಿ ವ್ಯತ್ಯಾಸ ಇಲ್ಲ. ಇದನ್ನು ನಡೆಸುವುದು ಐಎಸ್‌ಆರ್‌ಜಿ ಎನ್ನುವ ಲಾಭರಹಿತ ಸಂಸ್ಥೆ, 2015ರ ಡಿಸೆಂಬರ್‌ನಿಂದಲೇ ಎಲ್ಲರಿಗೂ ಕೊಡುತ್ತಿದೆ.

ಹಾಕುವುದು ಸುಲಭ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿ, ಎಂಜಿನ್‌ಎಕ್ಸ್ ಪ್ಲಗಿನ್ ಜೊತೆ ಓಡಿಸಿ, ಡೊಮೇನ್‌ಗಳ ಹೆಸರು ಕೊಡಿ, ಅದೇ ಕಾನ್ಫಿಗ್ ತಿದ್ದಿಕೊಳ್ಳುತ್ತದೆ. ಆಮೇಲೆ ‘ಸರ್ಟ್‌ಬಾಟ್ ರಿನ್ಯೂ’ ಕಮಾಂಡಿಗೆ ‘ಡ್ರೈ-ರನ್’ (ಬರೀ ತಾಲೀಮು) ಸೇರಿಸಿ ಓಡಿಸಿ. ಅದು ಅವರ ಸ್ಟೇಜಿಂಗ್ (ಪರೀಕ್ಷಾ) ಸರ್ವರ್ ಜೊತೆ ಮಾತಾಡುತ್ತದೆ, ವಾರಕ್ಕೆ ಇಷ್ಟೇ ಸರ್ಟಿಫಿಕೇಟ್ ಅನ್ನುವ ನಿಮ್ಮ ಅಸಲಿ ಲಿಮಿಟ್‌ಗೆ ಏನೂ ಆಗುವುದಿಲ್ಲ. ಸಿಸ್ಟಮ್‌ಡಿ ಟೈಮರ್ ದಿನಕ್ಕೆ ಎರಡು ಸಲ ತಾನಾಗಿ ನೋಡುತ್ತದೆ, ಅವಧಿ ಹತ್ತಿರ ಬಂದಿದ್ದರೆ ಮಾತ್ರ ಹೊಸದು ತರುತ್ತದೆ. ನೀವು ಬೇರೆ ಕ್ರಾನ್ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಸಾಲು) ಬರೆಯುವ ಅಗತ್ಯವೇ ಇಲ್ಲ.

ಒಂದು ಮಾತು ಮಾತ್ರ ನೆನಪಿಡಿ. ಸರ್ವರ್ ಹಳೆಯದಾಗಿದ್ದರೆ ಉಬುಂಟುವಿನ ಎರಡು ಇನ್‌ಸ್ಟಾಲ್ ದಾರಿಗಳಲ್ಲಿ ಆಪ್ಟ್‌ನಿಂದ ಬಂದ ಸರ್ಟ್‌ಬಾಟ್ ಒಂದು, ಸ್ನ್ಯಾಪ್‌ನಿಂದ ಬಂದಿದ್ದು ಇನ್ನೊಂದು, ಎರಡೂ ಕೂತಿರುತ್ತವೆ. ಟೈಮರ್‌ಗಳ ಪಟ್ಟಿ ತೆಗೆದು ನೋಡಿ, ಎರಡು ಕಂಡರೆ ಆಪ್ಟ್‌ನದ್ದನ್ನು ತೆಗೆದುಹಾಕಿ. ಎರಡೂ ಒಂದೇ ಫೋಲ್ಡರ್ ಮುಟ್ಟುತ್ತವೆ, ಯಾವುದು ಏನು ಮಾಡಿತು ಅಂತ ಆಮೇಲೆ ಲಾಗ್ ಓದಿದರೂ ತಿಳಿಯುವುದಿಲ್ಲ.

ಮೈಸೂರಿನಿಂದ

ಹುಬ್ಬಳ್ಳಿಯವರು ಹೇಳಿದ್ದು ಸರಿ. ಆದರೆ ನಿಮ್ಮಲ್ಲಿ ಮೇಲ್ ಕೂಡ ಇದೆ ಅಲ್ವಾ, ಅಲ್ಲೇ ಇರುವುದು ತಾಪತ್ರಯ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಾನು ನೋಡಿದ ಕಡೆಯಲ್ಲೆಲ್ಲ ‘ರಿನ್ಯೂ ಆಗಿದೆ, ಆದರೂ ಎಕ್ಸ್‌ಪೈರ್ ಅಂತ ತೋರಿಸ್ತಿದೆ’ ಅನ್ನುವ ಕರೆಯೇ ಜಾಸ್ತಿ.

ಒಂದು ಆಸ್ಪತ್ರೆಯ ಸರ್ವರ್‌ನಲ್ಲಿ ಹೀಗಾಗಿತ್ತು. ಬ್ರೌಸರ್ ತೆರೆದರೆ ಕೆಂಪು ಎಚ್ಚರಿಕೆ. ಸರ್ವರ್ ಒಳಗೆ ಹೋಗಿ ಫುಲ್‌ಚೈನ್ (ಸರ್ಟಿಫಿಕೇಟ್ ಇರುವ) ಫೈಲ್‌ನ ದಿನಾಂಕ ನೋಡಿದರೆ ಸುಮಾರು ಒಂದು ತಿಂಗಳ ಹಿಂದೆಯೇ ಹೊಸದು ಬಂದು ಕೂತಿದೆ. ಅದೇ ಯಂತ್ರದಲ್ಲಿ ಓಪನ್‌ಎಸ್‌ಎಸ್‌ಎಲ್‌ನ ‘ಎಸ್-ಕ್ಲೈಂಟ್’ ಹಾಕಿ ಎಚ್‌ಟಿಟಿಪಿಎಸ್‌ನ 443ನೇ ಪೋರ್ಟ್ ಕೇಳಿದರೆ ಹಳೆಯದೇ ಬರುತ್ತಿದೆ. ಡಿಸ್ಕ್‌ನಲ್ಲಿ ಒಂದು, ಎಂಜಿನ್‌ಎಕ್ಸ್ ಕೈಯಲ್ಲಿ ಇನ್ನೊಂದು. ಕಾರಣ ಇಷ್ಟೇ: ಎಂಜಿನ್‌ಎಕ್ಸ್ ಶುರುವಾಗುವಾಗ ಒಮ್ಮೆ ಸರ್ಟಿಫಿಕೇಟ್ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ರಿಲೋಡ್ ಮಾಡಿ ಅಂತ ಯಾರಾದರೂ ಹೇಳುವವರೆಗೆ ಫೈಲ್ ಬದಲಾಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಸರ್ಟ್‌ಬಾಟ್‌ಗೇ ಎಂಜಿನ್‌ಎಕ್ಸ್ ಕಾನ್ಫಿಗ್ ಒಪ್ಪಿಸಿದ್ದರೆ ರಿಲೋಡ್ ಕೂಡ ಅದೇ ಮಾಡುತ್ತದೆ. ಆದರೆ ಅಲ್ಲಿ ‘ಸರ್ಟ್‌ಓನ್ಲಿ’ ಮತ್ತು ವೆಬ್‌ರೂಟ್ ದಾರಿಯಲ್ಲಿ ಹಾಕಿದ್ದರು. ಆ ದಾರಿಯಲ್ಲಿ ಸರ್ಟಿಫಿಕೇಟ್ ತಂದು ಇಡುವುದಷ್ಟೇ ಅದರ ಕೆಲಸ.

ಹಾಗಾಗಿ ಇಟಿಸಿ ಒಳಗಿನ ಲೆಟ್ಸ್‌ಎನ್‌ಕ್ರಿಪ್ಟ್ ಫೋಲ್ಡರ್‌ನಲ್ಲಿ ‘ರಿನ್ಯೂವಲ್-ಹುಕ್ಸ್’ ಅಂತಿದೆ (ಹುಕ್ ಅಂದರೆ ರಿನ್ಯೂವಲ್ ಹೊತ್ತಿಗೆ ತಾನಾಗಿ ಓಡುವ ಸ್ಕ್ರಿಪ್ಟ್), ಅದರೊಳಗೆ ‘ಡಿಪ್ಲಾಯ್’. ಅಲ್ಲಿ ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ ಇಡಿ. ಮೊದಲು ಎಂಜಿನ್‌ಎಕ್ಸ್ ಕಾನ್ಫಿಗ್ ಪರೀಕ್ಷೆ, ಅದು ಸರಿ ಇದ್ದರೆ ಎಂಜಿನ್‌ಎಕ್ಸ್ ರಿಲೋಡ್, ಆಮೇಲೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ರಿಲೋಡ್. ಹೊಸ ಸರ್ಟಿಫಿಕೇಟ್ ಬಂದಾಗ ಮಾತ್ರ ಇದು ಓಡುತ್ತದೆ, ದಿನಾ ಅಲ್ಲ. ಸ್ಕ್ರಿಪ್ಟಿಗೆ ಎಕ್ಸಿಕ್ಯೂಟ್ ಅನುಮತಿ ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಸರ್ಟ್‌ಬಾಟ್ ಬೈಯುವುದೂ ಇಲ್ಲ, ಸುಮ್ನೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಇನ್ನೊಂದು, ಡ್ರೈ-ರನ್ ಪಾಸ್ ಆದರೆ ಎಲ್ಲ ಸರಿ ಇದೆ ಅಂತಲ್ಲ. ಡ್ರೈ-ರನ್‌ನಲ್ಲಿ ಡಿಪ್ಲಾಯ್ ಹುಕ್ ಓಡುವುದೇ ಇಲ್ಲ. ಹೊಸ ಆವೃತ್ತಿಗಳಲ್ಲಿ ‘ರನ್-ಡಿಪ್ಲಾಯ್-ಹುಕ್ಸ್’ ಅನ್ನುವ ಆಯ್ಕೆ ಬೇರೆಯಾಗಿ ಕೊಡಬೇಕು. ಅದನ್ನು ಒಮ್ಮೆಯಾದರೂ ಮಾಡಿ ನೋಡಿ, ಇಲ್ಲದಿದ್ದರೆ ಸ್ಕ್ರಿಪ್ಟನ್ನು ಕೈಯಲ್ಲೇ ಒಮ್ಮೆ ಓಡಿಸಿ.

ಮೇಲ್ ವಿಷಯ ಮತ್ತೂ ಸೂಕ್ಷ್ಮ. ವೆಬ್‌ಸೈಟ್ ಕೆಟ್ಟರೆ ಹತ್ತು ಜನ ಫೋನ್ ಮಾಡುತ್ತಾರೆ. ಮೇಲ್ ಸರ್ವರ್‌ನ ಸರ್ಟಿಫಿಕೇಟ್ ಮುಗಿದರೆ ಬ್ರೌಸರ್‌ನಲ್ಲಿ ಏನೂ ಕಾಣುವುದಿಲ್ಲ. ಯಾರದ್ದೋ ಫೋನ್‌ನಲ್ಲಿ ಮೇಲ್ ಬರುವುದು ನಿಂತಿರುತ್ತದೆ, ಅವರು ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡು ಸುಮ್ಮನಿರುತ್ತಾರೆ. ಮೇಲ್ ಓದುವ 993 ಮತ್ತು ಕಳಿಸುವ 587 ಪೋರ್ಟ್‌ಗಳನ್ನು ಬೇರೆಯಾಗಿಯೇ ಪರೀಕ್ಷಿಸಿ.

ಸಾಗರದಿಂದ

ತುಂಬ ಉಪಕಾರವಾಯಿತು ಸರ್. ಹುಕ್ ಬರೆದಿಟ್ಟೆ. ಆದರೆ ಡ್ರೈ-ರನ್ನೇ ದಾಟುತ್ತಿಲ್ಲ. ಕನೆಕ್ಟ್ ಆಗುವಾಗ ಟೈಮ್‌ಔಟ್, ಬಹುಶಃ ಫೈರ್‌ವಾಲ್ ಸಮಸ್ಯೆ ಅಂತ ಬರುತ್ತಿದೆ. 80ನೇ ಪೋರ್ಟ್ ತೆರೆದೇ ಇದೆ, ನನ್ನ ಫೋನಿನಿಂದ ಸೈಟ್ ಚೆನ್ನಾಗಿ ಬರುತ್ತದೆ. ಸದಸ್ಯರೆಲ್ಲ ಇಲ್ಲಿಯವರೇ ಆದ್ದರಿಂದ ಭಾರತದ ಹೊರಗಿನ ಐಪಿಗಳನ್ನು ತಡೆದಿದ್ದೇವೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬೆಂಗಳೂರಿನಿಂದ

ಅದೇ ಕಾರಣ ಮೇಡಂ. ಡೊಮೇನ್ ನಿಮ್ಮದೇನಾ ಅಂತ ಪರೀಕ್ಷಿಸಲು ಲೆಟ್ಸ್ ಎನ್‌ಕ್ರಿಪ್ಟ್ ನಿಮ್ಮ ಸರ್ವರ್‌ನ 80ನೇ ಪೋರ್ಟ್‌ಗೆ ಬಂದು ಒಂದು ಫೈಲ್ ಓದುತ್ತದೆ. 2020ರಿಂದ ಒಂದೇ ಜಾಗದಿಂದಲ್ಲ, ಜಗತ್ತಿನ ಬೇರೆ ಬೇರೆ ಕಡೆಯಿಂದ ಏಕಕಾಲಕ್ಕೆ ಬಂದು ನೋಡುತ್ತದೆ, ಒಂದು ದಾರಿಯನ್ನು ಯಾರಾದರೂ ವಂಚಿಸಿ ತಿರುಗಿಸಿದರೂ ಉಳಿದವು ಸತ್ಯ ಹೇಳಲಿ ಅಂತ. ಆ ಐಪಿಗಳ ಪಟ್ಟಿಯನ್ನು ಅವರು ಪ್ರಕಟಿಸುವುದಿಲ್ಲ, ಅದಕ್ಕೇ ‘ಅವರೊಬ್ಬರಿಗೆ ಬಿಡೋಣ’ ಅನ್ನುವ ದಾರಿ ಇಲ್ಲ.

ನನ್ನ ಅಭಿಪ್ರಾಯ: 80ನೇ ಪೋರ್ಟ್ ಇಡೀ ಜಗತ್ತಿಗೆ ತೆರೆಯಿರಿ. ಅದರಲ್ಲಿ ‘ಡಾಟ್ ವೆಲ್-ನೋನ್’ ಒಳಗಿನ ‘ಆಕ್ಮೆ-ಚಾಲೆಂಜ್’ ದಾರಿಯೊಂದನ್ನು ನೇರ ಉತ್ತರಿಸಲು ಬಿಡಿ, ಉಳಿದಿದ್ದೆಲ್ಲ 443ಕ್ಕೆ ರೀಡೈರೆಕ್ಟ್. 443 ಬೇಕಿದ್ದರೆ ಭಾರತಕ್ಕೆ ಮಾತ್ರ ಇರಲಿ. ಇಲ್ಲಿ ಎಚ್ಚರ: ಚಾಲೆಂಜ್ ದಾರಿಯನ್ನೂ ರೀಡೈರೆಕ್ಟ್ ಮಾಡಿಬಿಟ್ಟರೆ ಅವರು 443ರ ಬಾಗಿಲಿಗೆ ಬಂದು ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ರಿನ್ಯೂವಲ್ ಹೊತ್ತಿಗೆ ಮಾತ್ರ ಫೈರ್‌ವಾಲ್ ತೆರೆದು ಮುಚ್ಚುವ ಸ್ಕ್ರಿಪ್ಟ್ ಬರೆದವರನ್ನೂ ನೋಡಿದ್ದೇನೆ, ನನಗೆ ಅದು ಹಿಡಿಸಲಿಲ್ಲ. ನಡುವೆ ಸ್ಕ್ರಿಪ್ಟ್ ನಿಂತರೆ ಪೋರ್ಟ್ ಯಾವ ಸ್ಥಿತಿಯಲ್ಲಿ ಉಳಿಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಇದನ್ನು ಮಾಡಿಯೂ ದಾಟದಿದ್ದರೆ ಐಪಿವಿ6 ನೋಡಿ. ಡಿಎನ್‌ಎಸ್‌ನಲ್ಲಿ ಹಳೆಯ ಸರ್ವರ್‌ನ ಕ್ವಾಡ್-ಎ (ಐಪಿವಿ6 ವಿಳಾಸ ಹೇಳುವ) ರೆಕಾರ್ಡ್ ಉಳಿದಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಅಲ್ಲಿಗೇ ಹೋಗುತ್ತದೆ. ಅಲ್ಲಿ ಬೇರೆ ಯಾವುದೋ ಯಂತ್ರ 404 ಅಂತ ಉತ್ತರ ಕೊಟ್ಟರೆ ಮುಗಿಯಿತು, ಐಪಿವಿ4 ಕಡೆ ತಿರುಗಿಯೂ ನೋಡುವುದಿಲ್ಲ. ನಿಮ್ಮ ಮನೆಯ ನೆಟ್‌ನಲ್ಲಿ ಐಪಿವಿ6 ಇಲ್ಲದಿದ್ದರೆ ನಿಮಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ.

ಮಂಗಳೂರಿನಿಂದ

80 ತೆರೆಯುವುದೇ ಬೇಡ ಅನ್ನುವವರಿಗೆ ಡಿಎನ್‌ಎಸ್ ದಾರಿ ಇದೆ. ಟಿಎಕ್ಸ್‌ಟಿ ರೆಕಾರ್ಡ್ ಒಂದನ್ನು ಹಾಕಿ ತೋರಿಸಿದರೆ ಸಾಕು. ವೈಲ್ಡ್‌ಕಾರ್ಡ್ (ಎಲ್ಲ ಸಬ್‌ಡೊಮೇನ್‌ಗೂ ಒಂದೇ ಸರ್ಟಿಫಿಕೇಟ್) ಬೇಕಿದ್ದರಂತೂ ಇದೊಂದೇ ದಾರಿ. ಆದರೆ ಕೈಯಲ್ಲಿ ರೆಕಾರ್ಡ್ ಹಾಕುವ ‘ಮ್ಯಾನುಯಲ್’ ವಿಧಾನ ಹಿಡಿದು ಆಟೋ ರಿನ್ಯೂ ಆಗುತ್ತದೆ ಅಂತ ಕಾಯಬೇಡಿ. ಪ್ರತಿ ಸಲ ಹೊಸ ಮೌಲ್ಯ ಕೇಳುತ್ತದೆ, ಹಾಕುವವರು ಯಾರೂ ಇಲ್ಲದಿದ್ದರೆ ಫೇಲ್. ನಿಮ್ಮ ಡಿಎನ್‌ಎಸ್ ಕಂಪನಿ ಎಪಿಐ (ಪ್ರೋಗ್ರಾಂ ಮೂಲಕ ರೆಕಾರ್ಡ್ ಬದಲಿಸುವ ದಾರಿ) ಕೊಡಬೇಕು, ಅದಕ್ಕೆ ಪ್ಲಗಿನ್ ಇರಬೇಕು. ಎಪಿಐ ಕೀಲಿಗೆ ಆದಷ್ಟು ಕಮ್ಮಿ ಅಧಿಕಾರ ಕೊಡಿ. ಇಡೀ ಡೊಮೇನ್ ತಿದ್ದುವ ಕೀಲಿ ವೆಬ್ ಸರ್ವರ್‌ನಲ್ಲಿ ಬಿದ್ದಿರುವುದು ಸರಿಯಲ್ಲ. ನಿಮ್ಮ ಹಾಗೆ ಎರಡು ಮೂರು ಹೆಸರು ಇರುವವರಿಗೆ ವೈಲ್ಡ್‌ಕಾರ್ಡ್ ಯಾಕೆ ಬೇಕು? ಹೆಸರುಗಳನ್ನು ಬಿಡಿಬಿಡಿಯಾಗಿ ಸೇರಿಸಿ.

ಪುಣೆಯಿಂದ

ಡಾಕರ್‌ನಲ್ಲಿ ಹಾಕುವವರಿದ್ದರೆ ಒಂದು ಮಾತು. ಲೆಟ್ಸ್‌ಎನ್‌ಕ್ರಿಪ್ಟ್ ಫೋಲ್ಡರನ್ನು, ಕಂಟೇನರ್ ಅಳಿದರೂ ಉಳಿಯುವ ವಾಲ್ಯೂಮ್‌ನಲ್ಲಿ ಇಡಿ. ಇಡದಿದ್ದರೆ ಕಂಟೇನರ್ ಮತ್ತೆ ಹುಟ್ಟಿದಾಗಲೆಲ್ಲ ಹೊಸ ಸರ್ಟಿಫಿಕೇಟ್ ಕೇಳುತ್ತದೆ. ಅದೇ ಹೆಸರುಗಳ ಗುಂಪಿಗೆ 7 ದಿನದಲ್ಲಿ 5 ಮಾತ್ರ ಕೊಡುತ್ತಾರೆ. ಆರನೆಯದಕ್ಕೆ ಬಾಗಿಲು ಮುಚ್ಚಿರುತ್ತದೆ, ಬೇಡಿಕೊಂಡರೂ ತೆರೆಯುವುದಿಲ್ಲ. ತೊಂದರೆ ಬಂದಾಗ ‘ಡಿಲೀಟ್ ಮಾಡಿ ಮತ್ತೆ ಹಾಕೋಣ’ ಅನ್ನುವ ಚಾಳಿಯೂ ಇಲ್ಲಿಗೇ ತಂದು ನಿಲ್ಲಿಸುತ್ತದೆ. ಮೊದಲು ಲಾಗ್ ಓದಿ.

ಧಾರವಾಡದಿಂದ

ಎಲ್ಲರೂ ಹಾಕುವುದರ ಬಗ್ಗೆ ಹೇಳಿದ್ದೀರಿ. ನಾನು ಕಾಯುವುದರ ಬಗ್ಗೆ ಹೇಳುತ್ತೇನೆ, ನನಗೆ ಇದೇ ಮುಖ್ಯ ಅನ್ನಿಸುತ್ತದೆ.

ಮೊದಲೆಲ್ಲ ಅವಧಿ ಮುಗಿಯುವ ಮುಂಚೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದಲೇ ಇಮೇಲ್ ಬರುತ್ತಿತ್ತು. 2025ರ ಜೂನ್ 4ಕ್ಕೆ ಅದನ್ನು ನಿಲ್ಲಿಸಿಬಿಟ್ಟರು. ಹಳೆಯ ಲೇಖನ ಓದಿ ‘ಮೇಲ್ ಬರುತ್ತದಲ್ಲ’ ಅಂತ ಈಗಲೂ ನಂಬಿ ಕೂತವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ನಮ್ಮ ಕಾವಲು ನಾವೇ ಇಡಬೇಕು, ಮತ್ತು ಅದು ಆ ಸರ್ವರ್‌ನ ಒಳಗೆ ಇರಬಾರದು. ಡಿಸ್ಕ್ ತುಂಬಿ ಸರ್ಟ್‌ಬಾಟ್ ನಿಂತಿತು ಅನ್ನಿ, ಅದೇ ಡಿಸ್ಕ್‌ನ ಮೇಲಿರುವ ಕಾವಲು ಸ್ಕ್ರಿಪ್ಟ್ ಏನು ಹೇಳೀತು?

ಬೇರೊಂದು ಯಂತ್ರ ಸಾಕು, ಆಫೀಸಿನ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರ್ ಆದರೂ ಆಯಿತು. ಅಲ್ಲಿಂದ ದಿನಕ್ಕೊಮ್ಮೆ ಓಪನ್‌ಎಸ್‌ಎಸ್‌ಎಲ್ ಹಾಕಿ ಪ್ರತಿ ಹೆಸರಿಗೂ, ಪ್ರತಿ ಪೋರ್ಟಿಗೂ ಕನೆಕ್ಟ್ ಆಗಿ, ಬಂದ ಸರ್ಟಿಫಿಕೇಟನ್ನು ‘ಚೆಕ್‌ಎಂಡ್’ ಆಯ್ಕೆಗೆ ಕೊಡಿ. ಅದಕ್ಕೆ ಸೆಕೆಂಡುಗಳಲ್ಲಿ ಹೇಳಬೇಕು, 14 ದಿನ ಅಂದರೆ 12,09,600. ಅಷ್ಟರೊಳಗೆ ಮುಗಿಯುವಂತಿದ್ದರೆ ಟೆಲಿಗ್ರಾಂಗೋ ಎಸ್‌ಎಂಎಸ್‌ಗೋ ಸಂದೇಶ. ‘ಸರ್ವರ್‌ನೇಮ್’ ಆಯ್ಕೆ ಕೊಡುವುದನ್ನು ಬಿಡಬೇಡಿ, ಬಿಟ್ಟರೆ ಒಂದೇ ಐಪಿಯಲ್ಲಿ ಹಲವು ಸೈಟ್ ಇರುವ ಕಡೆ ಯಾವುದೋ ಒಂದರ ಸರ್ಟಿಫಿಕೇಟ್ ಬಂದು ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಕನೆಕ್ಟೇ ಆಗದಿದ್ದರೂ ಸಂದೇಶ ಬರುವ ಹಾಗೆ ಬರೆಯಿರಿ.

ಆಮೇಲೆ ಕಾವಲುಗಾರನನ್ನೇ ಪರೀಕ್ಷೆ ಮಾಡಿ. ಬ್ಯಾಡ್‌ಎಸ್‌ಎಸ್‌ಎಲ್ ಅನ್ನುವ ಸೈಟ್‌ನಲ್ಲಿ ಬೇಕೆಂದೇ ಅವಧಿ ಮುಗಿದ ಸರ್ಟಿಫಿಕೇಟ್ ಇಟ್ಟ ಸಬ್‌ಡೊಮೇನ್ ಇದೆ, ‘ಎಕ್ಸ್‌ಪೈರ್ಡ್’ ಅಂತ ಹೆಸರು. ನಿಮ್ಮ ಸ್ಕ್ರಿಪ್ಟನ್ನು ಅದರ ಕಡೆ ತಿರುಗಿಸಿ. ಫೋನ್‌ಗೆ ಸಂದೇಶ ಬರಬೇಕು. ಬರದಿದ್ದರೆ ಆ ಸ್ಕ್ರಿಪ್ಟ್ ಇದ್ದೂ ಪ್ರಯೋಜನ ಇಲ್ಲ.

ಶಿರಸಿಯಿಂದ

ಸದಸ್ಯರಲ್ಲಿ ಹಳೆಯ ಫೋನ್ ಇಟ್ಟುಕೊಂಡವರು ಇದ್ದಾರಾ ಅಂತ ಒಮ್ಮೆ ವಿಚಾರಿಸಿ. ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನದರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಸರ್ಟಿಫಿಕೇಟ್ ಇಲ್ಲ. ಅಂಥವರಿಗೆ ಮೊದಲೆಲ್ಲ ಫೈರ್‌ಫಾಕ್ಸ್ ಹಾಕಿಕೊಳ್ಳಲು ಹೇಳುತ್ತಿದ್ದೆವು, ಅದು ನಂಬಿಕೆಯ ಪಟ್ಟಿಯನ್ನು ತನ್ನ ಜೊತೆಗೇ ತರುತ್ತದೆ. ಆದರೆ ಈಗಿನ ಫೈರ್‌ಫಾಕ್ಸ್ ಅಷ್ಟು ಹಳೆಯ ಆಂಡ್ರಾಯ್ಡ್‌ನಲ್ಲಿ ಓಡುವುದಿಲ್ಲ. ‘ಎಚ್ಚರಿಕೆ ಬಂದರೆ ಮುಂದೆ ಒತ್ತಿ’ ಅಂತ ಮಾತ್ರ ಸದಸ್ಯರಿಗೆ ಯಾವತ್ತೂ ಹೇಳಿಕೊಡಬೇಡಿ. ಲೆಕ್ಕ ನೋಡುವ ಸೈಟ್ ಅದು, ಆ ಅಭ್ಯಾಸ ಒಮ್ಮೆ ಬಿದ್ದರೆ ನಾಳೆ ಮೋಸದ ಸೈಟ್‌ನಲ್ಲೂ ಹಾಗೇ ಒತ್ತುತ್ತಾರೆ.

ತುಮಕೂರಿನಿಂದ

ಕನ್ನಡ ಲಿಪಿಯ ಡೊಮೇನ್, ಅಂದರೆ ಡಾಟ್ ಭಾರತ ಇರುವವರಿಗೆ: ಸರ್ಟ್‌ಬಾಟ್‌ಗೆ ಕನ್ನಡದಲ್ಲೇ ಹೆಸರು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಪ್ಯೂನಿಕೋಡ್ ರೂಪ, ಅಂದರೆ ‘xn--’ ಇಂದ ಶುರುವಾಗುವ ಇಂಗ್ಲಿಷ್ ಅಕ್ಷರದ ರೂಪ ಕೊಡಬೇಕು. ಸರ್ಟಿಫಿಕೇಟ್ ಸಿಗುತ್ತದೆ, ಬ್ರೌಸರ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ.

ಬೆಂಗಳೂರಿನಿಂದ ಮತ್ತೆ

ಪ್ರಶ್ನೆಯಲ್ಲಿ ದಿನಗಳ ಲೆಕ್ಕ ಇತ್ತಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ತನ್ನ 90 ದಿನವನ್ನೂ ಇಳಿಸುವುದಾಗಿ ಘೋಷಿಸಿದೆ. 2027ರ ಫೆಬ್ರುವರಿ 10ರಿಂದ 64 ದಿನ, 2028ರ ಫೆಬ್ರುವರಿ 16ರಿಂದ 45 ದಿನ. ಟೈಮರ್ ದಿನಕ್ಕೆರಡು ಸಲ ಓಡುತ್ತಿದ್ದರೆ ನಿಮಗೆ ಗೊತ್ತೂ ಆಗುವುದಿಲ್ಲ. ಆದರೆ ಹಳೆಯ ಸರ್ವರ್‌ಗಳಲ್ಲಿ ‘ಪ್ರತಿ ತಿಂಗಳು 1ನೇ ತಾರೀಕು ರಿನ್ಯೂ’ ಅಂತ ಕ್ರಾನ್ ಬರೆದಿಟ್ಟಿರುತ್ತಾರೆ, ಅದಕ್ಕೆ ಪೆಟ್ಟು ಬೀಳುತ್ತದೆ. ಲೆಕ್ಕ ಹಾಕಿ ನೋಡಿ. ಜೂನ್ 2ಕ್ಕೆ 45 ದಿನದ ಸರ್ಟಿಫಿಕೇಟ್ ಬಂತು, ಜುಲೈ 17ಕ್ಕೆ ಮುಗಿಯುತ್ತದೆ. ಸರ್ಟ್‌ಬಾಟ್ 4ರಿಂದ ಈಚೆಗೆ ಅವಧಿಯ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಉಳಿದಾಗ ಮಾತ್ರ ರಿನ್ಯೂ ಮಾಡುತ್ತದೆ, ಇಲ್ಲಿ 15 ದಿನ. ಜುಲೈ 1ಕ್ಕೆ ಕ್ರಾನ್ ಓಡಿದಾಗ ಇನ್ನೂ 16 ದಿನ ಇದೆ, ಏನೂ ಮಾಡದೆ ಹೋಗುತ್ತದೆ. ಮುಂದೆ ಓಡುವುದು ಆಗಸ್ಟ್ 1ಕ್ಕೆ. ಅಷ್ಟರಲ್ಲಿ ಸೈಟ್ ಎರಡು ವಾರದಿಂದ ಎಚ್ಚರಿಕೆ ತೋರಿಸುತ್ತಿರುತ್ತದೆ.

ಅವಧಿಗೆ ಮುಂಚೆ ಬದಲಿಸಬೇಕಾದ ಸಂದರ್ಭವೂ ಬರುತ್ತದೆ. 2020ರ ಮಾರ್ಚ್‌ನಲ್ಲಿ ಅವರದ್ದೇ ಸಾಫ್ಟ್‌ವೇರ್‌ನಲ್ಲಿ ದೋಷ ಕಂಡು, 30 ಲಕ್ಷದಷ್ಟು ಸರ್ಟಿಫಿಕೇಟ್‌ಗಳನ್ನು ತಕ್ಷಣ ಬದಲಿಸಿಕೊಳ್ಳಿ ಅಂತ ಕೇಳಿಕೊಂಡಿದ್ದರು. ಈಗ ಅದಕ್ಕೆ ಎಆರ್‌ಐ ಅನ್ನುವ ವ್ಯವಸ್ಥೆ ಇದೆ, ಯಾವಾಗ ರಿನ್ಯೂ ಮಾಡಬೇಕು ಅಂತ ಲೆಟ್ಸ್ ಎನ್‌ಕ್ರಿಪ್ಟ್ ಕಡೆಯಿಂದಲೇ ಸೂಚನೆ ಬರುತ್ತದೆ. ಸರ್ಟ್‌ಬಾಟ್ 4.1ರಿಂದ ಅದನ್ನು ಕೇಳಿಸಿಕೊಳ್ಳುತ್ತದೆ. ನಿಮ್ಮದು ಆಪ್ಟ್‌ನ ಹಳೆಯ ಆವೃತ್ತಿಯಾಗಿದ್ದರೆ ಸ್ನ್ಯಾಪ್‌ಗೆ ಬದಲಾಯಿಸಿ, ಕ್ರಾನ್‌ನಲ್ಲಿ ಹಳೆಯ ಸಾಲು ಇದ್ದರೆ ಅದನ್ನೂ ತೆಗೆಯಿರಿ ಮೇಡಂ. ಫೈರ್‌ವಾಲ್ ಬದಲಾಯಿಸಿದ ಮೇಲೆ ಡ್ರೈ-ರನ್ ಏನು ಹೇಳಿತು ಅಂತ ಬರೆಯಿರಿ. ಆಗಲೂ ನಿಂತರೆ ಲಾಗ್‌ನ ಕೊನೆಯ ಭಾಗ ಹಾಕಿ, ಡೊಮೇನ್ ಹೆಸರು ಅಳಿಸಿಯೇ ಹಾಕಿ, ನೋಡೋಣ.