ಶ್ರವಣಾತೀತ ಅಂದರೆ ಮೇಲಿನದೋ, ಕೆಳಗಿನದೋ?

ಬಳಗದವರಿಗೆ ನಮಸ್ಕಾರ.

ಬಸವನಗುಡಿಯ ಒಂದು ಚಿಕ್ಕ ಸ್ಟುಡಿಯೋದಲ್ಲಿ ಸಿನಿಮಾಗಳಿಗೆ ಸದ್ದು ಕೂಡಿಸುವ ಕೆಲಸ ನನ್ನದು. ಹೊಸದಾಗಿ ಸೇರಿದ ಹುಡುಗರಿಗೆ ಅಂತ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ಅಲ್ಟ್ರಾಸಾನಿಕ್’, ಅಂದರೆ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನದ ಸದ್ದು, ಅನ್ನುವಲ್ಲಿ ಪೆನ್ನು ನಿಂತಿದೆ.

ಪಠ್ಯಪುಸ್ತಕದ ಮಾತು ‘ಶ್ರವಣಾತೀತ’. ಕಿವಿಯನ್ನು ಮೀರಿದ್ದು, ಸರಿ. ಆದರೆ ಯಾವ ಕಡೆಗೆ? ನಮಗೆ ಕೇಳಿಸುವುದು ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ. 20ಕ್ಕಿಂತ ಕೆಳಗಿನದೂ ಕಿವಿಗೆ ಸಿಗುವುದಿಲ್ಲ. ಅದೂ ಶ್ರವಣಾತೀತವೇ ಆಯಿತಲ್ವಾ? ಸಾಲದ್ದಕ್ಕೆ, ಸದ್ದಿಗಿಂತ ವೇಗವಾಗಿ ಹಾರುವ ವಿಮಾನದ ‘ಶಬ್ದಾತೀತ’ದ ಜೊತೆ ಹುಡುಗರು ಇದನ್ನು ಕಲಸಿಬಿಡುತ್ತಾರೆ.

ಇನ್ನೊಂದು ತೊಡಕಿದೆ. ‘ಅತೀತ’ ಅಂದರೆ ಕೈಗೆಟುಕದ್ದು ಅನ್ನಿಸುತ್ತದೆ. ನಾವು ಈ ಸದ್ದನ್ನು ಹಿಡಿಯುವುದೇ ಕೇಳಿಸುವುದಕ್ಕೆ. ಮೊನ್ನೆ ಬೀಗದ ಕೈ ಗೊಂಚಲನ್ನು 100 ಕಿಲೋಹರ್ಟ್ಸ್‌ವರೆಗೆ ಹಿಡಿಯುವ ಮೈಕಿನ ಮುಂದೆ ಅಲ್ಲಾಡಿಸಿದೆ. ಸ್ಯಾಂಪಲ್ ರೇಟ್ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸುತ್ತದೆ ಅನ್ನುವುದು) 192 ಕಿಲೋಹರ್ಟ್ಸ್, ಅಂದರೆ ಅದರಲ್ಲಿ ಅರ್ಧ, 96ರವರೆಗಿನ ಸದ್ದು ದಾಖಲಾಗುತ್ತದೆ. ಆಮೇಲೆ ವೇಗವನ್ನು ಕಾಲುಭಾಗಕ್ಕೆ ಇಳಿಸಿದೆ. ಸದ್ದು ಎರಡು ಸ್ಥಾಯಿ ಕೆಳಗೆ ಬಂತು. 40ರಲ್ಲಿದ್ದದ್ದು 10ಕ್ಕೆ ಇಳಿದು ಕಿವಿಗೆ ಸಿಕ್ಕಿತು. ಒಂದೊಂದು ಕೀಲಿಯೂ ಪುಟ್ಟ ಕಂಚಿನ ಗಂಟೆಯ ಹಾಗೆ ಬಿಡಿಬಿಡಿಯಾಗಿ ಮಿಡಿಯಿತು. ಅದೇ ಗೊಂಚಲನ್ನು 20 ಕಿಲೋಹರ್ಟ್ಸ್‌ಗೇ ನಿಲ್ಲುವ ಮೈಕಿನಲ್ಲಿ ಹಿಡಿದು ಇಳಿಸಿದರೆ 5ರಿಂದ ಮೇಲೆ ಏನೂ ಇಲ್ಲ. ಕಂಬಳಿ ಹೊದಿಸಿದ ಹಾಗೆ ಮಂಕು.

‘ಆಕ್ಟೇವ್’ಗೆ ‘ಸ್ಥಾಯಿ’ ಎಷ್ಟು ಸಲೀಸಾಗಿ ಕೂತಿತು ನೋಡಿ. ಮಂದ್ರ, ತಾರ ಸ್ಥಾಯಿ ಎಂದು ಕೇಳಿ ಬೆಳೆದವರಿಗೆ ವಿವರಿಸಬೇಕಾಗಿಯೇ ಇಲ್ಲ. ಅಂಥದ್ದೇ ಮಾತು ಬೇಕು. ‘ಏರುದನಿ’ ಅಂದರೆ ಜಗಳದ ದನಿ. ‘ಕೀರಲು’ ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ. ‘ಕಿವಿಮೇಲಿನ ಸದ್ದು’ ಅಂದರೆ ಕಿವಿಯ ಮೇಲೆ ಬಿದ್ದ ಸದ್ದು ಅಂತಲೇ ಅರ್ಥ.

ನನ್ನ ಮನಸ್ಸು ‘ಮೀರುದನಿ’ಯ ಕಡೆ ವಾಲುತ್ತಿದೆ. ಹೊಳೆ ದಡ ಮೀರುತ್ತದೆ, ಖರ್ಚು ಆದಾಯ ಮೀರುತ್ತದೆ. ಮೀರುವುದು ಮೇಲಕ್ಕೇ. ಮೈಕಿನ ‘ಫ್ರೀಕ್ವೆನ್ಸಿ ರೇಂಜ್’ಗೆ ‘ಕಂಪನದ ಹರವು’ ಅಂತ ಬರೆದುಕೊಂಡಿದ್ದೇನೆ. ‘ತರಂಗಾಂತರ’ ಬಳಸಲಿಲ್ಲ, ಅದು ಅಲೆಯ ಉದ್ದ.

‘ಮೀರುದನಿ’ ನಿಮ್ಮ ಕಿವಿಗೆ ಹೇಗಿದೆ? 20 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಇದರ ಜೋಡಿ ಪದ ಯಾವುದಾಗಬಹುದು? ‘ತಗ್ಗುದನಿ’ ಅನ್ನೋಣವೆಂದರೆ ಅದು ಮೆಲ್ಲಗೆ ಆಡುವ ಮಾತಾಗಿಬಿಡುತ್ತದೆ.