ಸಹಾಯ ಬೇಕು: ಲಂಡನ್‌ನಲ್ಲಿ ಸ್ಟೂಡೆಂಟ್ ವೀಸಾದಲ್ಲಿದ್ದು ನಾಟಕ ಮಾಡಿದವರು ಇದ್ದೀರಾ?

ನಮಸ್ಕಾರ. ಲಂಡನ್‌ನ ಒಂದು ಡ್ರಾಮಾ ಸ್ಕೂಲಿನಲ್ಲಿ ನಟನೆಯಲ್ಲಿ ಎಂಎ ಮಾಡುತ್ತಿದ್ದೇನೆ. ಇಲ್ಲಿನ ಕನ್ನಡ ಗೆಳೆಯರು ದೀಪಾವಳಿಗೆ ಒಂದು ಚಿಕ್ಕ ನಾಟಕ ಮಾಡೋಣ ಅನ್ನುತ್ತಿದ್ದಾರೆ, ಸ್ವಲ್ಪ ಸಂಭಾವನೆಯನ್ನೂ ಕೊಡುತ್ತಾರಂತೆ. ಸಮಸ್ಯೆ ಅದೇ. ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಆದರೆ ಸ್ವಂತ ಉದ್ಯೋಗ ಮಾಡುವ ಹಾಗಿಲ್ಲ, ವೃತ್ತಿಪರ ಕಲಾವಿದರಾಗಿ ದುಡಿಯುವ ಹಾಗೂ ಇಲ್ಲ. ಅಂದರೆ ಕೆಫೆಯಲ್ಲಿ ಕಪ್ ತೊಳೆಯಬಹುದು, ಕಲಿಯೋಕೆ ಬಂದ ಕೆಲಸಾನೇ ಮಾಡಬಾರದು! ತಮಾಷೆ ಅಲ್ವಾ?

ನಮ್ಮ ಕೋರ್ಸಿನ ಸಿಬ್ಬಂದಿ ಮಾತ್ರ ತುಂಬಾ ಒಳ್ಳೆಯವರು, ಹೇಳಲೇಬೇಕು. ಬಂದ ಹೊಸದರಲ್ಲಿ ಇಂಗ್ಲಿಷ್ ಉಚ್ಚಾರಣೆಗೆ ಹೆದರಿ ಸುಮ್ನೆ ಮೂಲೆ ಹಿಡಿದಿದ್ದೆ, ವಾಯ್ಸ್ ಟೀಚರ್ ಕನ್ನಡದಲ್ಲೇ ಒಂದು ಸ್ವಗತ ಮಾಡಿಸಿ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ತೋರಿಸಿಕೊಟ್ಟರು. ಶೇಕ್ಸ್‌ಪಿಯರ್ ನಾಟಕಗಳಿಗೆ ಹೆಸರಾದ ಗ್ಲೋಬ್ ಥಿಯೇಟರ್‌ನಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್, ನ್ಯಾಷನಲ್ ಥಿಯೇಟರ್ ಆರ್ಕೈವ್‌ನಲ್ಲಿ ಪುಕ್ಕಟೆ ನೋಡಬಹುದಾದ ಹಳೆ ನಾಟಕಗಳ ರೆಕಾರ್ಡಿಂಗ್, ಎಲ್ಲಾ ಅವರೇ ಹೇಳಿದ್ದು. ಈ ವಿಷಯಕ್ಕೂ ಕೋಆರ್ಡಿನೇಟರ್, ಒಪ್ಪಿಕೊಳ್ಳುವ ಮುಂಚೆ ವೀಸಾ ಸಲಹೆಗಾರರಿಂದ ಬರಹದಲ್ಲಿ ಉತ್ತರ ತಗೋ ಅಂದಿದ್ದಾರೆ. ಮೇಲ್ ಹಾಕಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ನಿಮ್ಮ ಅನುಭವ ಬೇಕು. ಓದುವಾಗಲೇ ಇಲ್ಲಿ ನಾಟಕ, ಯಕ್ಷಗಾನ, ಸಂಗೀತ ಅಂತ ವೇದಿಕೆ ಹತ್ತಿದವರಿಗೆ ಕಾಲೇಜು ಏನು ಹೇಳಿತ್ತು? ಸಂಭಾವನೆ ಬೇಡ ಅಂದು ಬರೀ ಬಸ್ ಚಾರ್ಜ್ ತಗೊಂಡರೆ ನಡೆಯುತ್ತದಾ, ಅಥವಾ ಅದೂ ತೊಂದರೆಯಾ? ಇಂಥ ಪ್ರದರ್ಶನವನ್ನು ಕೋರ್ಸಿನ ಭಾಗ ಅಂತಲೇ ಕಾಲೇಜಿನಿಂದ ಒಪ್ಪಿಸಿಕೊಂಡವರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು. 'ಯಾರಿಗೂ ಗೊತ್ತಾಗಲ್ಲ, ಮಾಡು' ಅನ್ನುವ ಸಲಹೆ ಮಾತ್ರ ಬೇಡ ದಯವಿಟ್ಟು.